ಯಶವಂತ ಚಿತ್ತಾಲರ 'ಶಿಕಾರಿ': ಒಬ್ಬ ಕಾಮರ್ಸ್ ವಿದ್ಯಾರ್ಥಿಯ ಓದು

ಈ ಸಂಚಿಕೆಗೆ ಒಬ್ಬ ಕಾದಂಬರಿಕಾರರ ಬದುಕು-ಬರಹದ ಬಗ್ಗೆ ಲೇಖನ ಬರೆದುಕೊಡು ಎಂದು ನಮ್ಮ ಸಂಘದ ಕಾರ್ಯದರ್ಶಿ ಕೇಳಿದಾಗ ನಾನು ಹಿಂದೆ ಮುಂದೆ ನೋಡಿದೆ. ನಾನು ಸಾಹಿತ್ಯದ ವಿದ್ಯಾರ್ಥಿಯಲ್ಲ. ಬಿ.ಕಾಂ. ಓದುವವನು. ಹತ್ತನೆಯ ಇಯತ್ತೆವರೆಗೆ ಮಾತ್ರ ಕನ್ನಡ ಮಾಧ್ಯಮ. ಆಮೇಲೆ ಡೆಬಿಟ್ಟು, ಕ್ರೆಡಿಟ್ಟು, ಕಂಪನಿ ಕಾಯಿದೆ, ಎಲ್ಲವೂ ಇಂಗ್ಲಿಷಿನಲ್ಲಿ. "ನಿನಗೆ ಗೊತ್ತಿರುವ ಒಂದೇ ಪುಸ್ತಕವಾದರೂ ಸಾಕು, ಬರೆ" ಎಂದರು ಅವರು. ಗೊತ್ತಿರುವ ಪುಸ್ತಕ ಒಂದಿದೆ. ಅದು ಯಶವಂತ ಚಿತ್ತಾಲರ 'ಶಿಕಾರಿ'. ಅದನ್ನು ನಾನು ಪರೀಕ್ಷೆಗಾಗಿ ಓದಲಿಲ್ಲ, ಮನೆಯ ಒಂದು ಕಷ್ಟದ ಕಾಲದಲ್ಲಿ ಓದಿದೆ. ಆದುದರಿಂದ ಈ ಲೇಖನದಲ್ಲಿ ವಿಮರ್ಶೆಗಿಂತ ಅನುಭವವೇ ಹೆಚ್ಚಾದರೆ ವಾಚಕ ಮಿತ್ರರು ಮನ್ನಿಸಬೇಕು.

ಲೇಖಕರ ಬದುಕು

ಯಶವಂತ ಚಿತ್ತಾಲರು ಹುಟ್ಟಿದ್ದು 1928ರ ಆಗಸ್ಟ್ 3ರಂದು, ಉತ್ತರ ಕನ್ನಡ ಜಿಲ್ಲೆಯ ಕುಮಟಾ ತಾಲೂಕಿನ ಹನೇಹಳ್ಳಿಯಲ್ಲಿ. ಗೋಕರ್ಣಕ್ಕೆ ಹತ್ತಿರದ ಸಣ್ಣ ಹಳ್ಳಿ ಅದು. ಆ ಕಾಲದಲ್ಲಿ ಉತ್ತರ ಕನ್ನಡ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದ ಮೇಲೆಯೇ ಅದು ಮೈಸೂರು ರಾಜ್ಯಕ್ಕೆ ಬಂದದ್ದು. ಹೀಗಾಗಿ ಆ ಕಡೆಯ ಹುಡುಗರಿಗೆ ಮುಂಬಯಿಯೇ ರಾಜಧಾನಿ. ಓದಿಗೂ ಮುಂಬಯಿ, ಹೊಟ್ಟೆಗೂ ಮುಂಬಯಿ. ನಮ್ಮ ಅಜ್ಜ ಕುಮಟೆ ಕಡೆಯಿಂದ ಬಂದು ಪರೇಲಿನ ಮಿಲ್ಲು ಸೇರಿದ್ದು ಕೂಡ ಇದೇ ದಾರಿಯಲ್ಲಿ. ಆದರೆ ಅಜ್ಜ ಓದಿದ್ದು ನಾಲ್ಕನೆಯವರೆಗೆ. ಚಿತ್ತಾಲರು ಕುಮಟೆಯ ಗಿಬ್ ಹೈಸ್ಕೂಲಿನಲ್ಲಿ ಓದಿ, ಮುಂದೆ ಮುಂಬಯಿ ವಿಶ್ವವಿದ್ಯಾಲಯದಿಂದ 1955ರಲ್ಲಿ ತಂತ್ರವಿಜ್ಞಾನದ ಪದವಿ ಪಡೆದರು. ಆಮೇಲೆ ಅಮೆರಿಕೆಗೆ ಹೋಗಿ ನ್ಯೂಜೆರ್ಸಿಯ ಸ್ಟೀವನ್ಸ್ ಇನ್‌ಸ್ಟಿಟ್ಯೂಟಿನಲ್ಲಿ ಕೆಮಿಕಲ್ ಇಂಜಿನಿಯರಿಂಗ್ ಓದಿ ಬಂದರು.

ಅವರ ಉದ್ಯೋಗ ಪ್ಲಾಸ್ಟಿಕ್ಕಿನದು. ಬೇಕ್‌ಲೈಟ್ ಕಂಪನಿಯಲ್ಲಿ ಸಂಶೋಧನೆಯ ವಿಭಾಗದಲ್ಲಿ ದೊಡ್ಡ ಹುದ್ದೆಯವರೆಗೆ ಏರಿದರು. ಬೇಕ್‌ಲೈಟ್ ಎಂದರೆ ಏನು ಎಂದು ಸೈನ್ಸಿನ ಗೆಳೆಯರಿಗೆ ಗೊತ್ತು. ನಮ್ಮಂಥವರಿಗಾಗಿ ಹೇಳುವುದಾದರೆ, ಬೇಕ್‌ಲ್ಯಾಂಡ್ ಎಂಬ ವಿಜ್ಞಾನಿ 1907ರಲ್ಲಿ ಫೀನಾಲ್ ಮತ್ತು ಫಾರ್ಮಾಲ್ಡಿಹೈಡ್ ಸೇರಿಸಿ ಮಾಡಿದ ಗಟ್ಟಿ ಪ್ಲಾಸ್ಟಿಕ್ಕು. ಹಳೆಯ ಚಾಳುಗಳ ಕಪ್ಪು ಸ್ವಿಚ್ಚು, ಪಾತ್ರೆಯ ಕಪ್ಪು ಹಿಡಿಕೆ ಇವೆಲ್ಲ ಅದರದೇ. ಹಗಲು ಇಂಥ ವಸ್ತುಗಳ ಕೆಲಸ, ಮನೆಗೆ ಬಂದ ಮೇಲೆ ಕನ್ನಡದ ಕತೆ. ಹೀಗೆ ಬಹಳ ಕಾಲ ಅವರು ನಡೆಸಿದರು. ಬಾಂದ್ರಾದ ಸಮುದ್ರದ ದಂಡೆಯಲ್ಲಿ ಮನೆ ಮಾಡಿಕೊಂಡಿದ್ದ ಅವರು 2014ರ ಮಾರ್ಚ್ 22ರಂದು ಮುಂಬಯಿಯಲ್ಲೇ ತೀರಿಕೊಂಡರು.

ಕಾಮರ್ಸಿನ ಮಿತ್ರರಿಗೆ ಇನ್ನೊಂದು ಸಂಗತಿ ಹೇಳಬೇಕು. ಚಿತ್ತಾಲರ ಅಣ್ಣ ಗಂಗಾಧರ ಚಿತ್ತಾಲರು ಕನ್ನಡದ ಒಳ್ಳೆಯ ಕವಿ. ಅವರ ಉದ್ಯೋಗ ಭಾರತ ಸರಕಾರದ ಆಡಿಟ್ ಮತ್ತು ಅಕೌಂಟ್ಸ್ ಸೇವೆಯಲ್ಲಿ. ಅಣ್ಣ ಲೆಕ್ಕ ತಪಾಸಣೆ, ತಮ್ಮ ಪ್ಲಾಸ್ಟಿಕ್ಕು. ಇಬ್ಬರೂ ಕನ್ನಡದ ಮೇಷ್ಟರಾಗಲಿಲ್ಲ, ಆದರೂ ಕನ್ನಡ ಬಿಡಲಿಲ್ಲ. "ಕಾಮರ್ಸ್ ಓದುವವನಿಗೆ ಕನ್ನಡ ಸಂಘ ಯಾಕೆ?" ಎಂದು ಯಾರಾದರೂ ಕೇಳಿದರೆ ನಾನು ಈ ಅಣ್ಣ ತಮ್ಮಂದಿರ ಹೆಸರು ಹೇಳುತ್ತೇನೆ.

ಕೃತಿಗಳು

ಚಿತ್ತಾಲರು ಮೊದಲು ಕತೆಗಾರರು. 'ಸಂದರ್ಶನ', 'ಆಬೋಲಿನ', 'ಆಟ', 'ಕತೆಯಾದಳು ಹುಡುಗಿ', 'ಬೇನ್ಯಾ', 'ಸಿದ್ಧಾರ್ಥ' ಮುಂತಾದವು ಅವರ ಕಥಾಸಂಕಲನಗಳು. ಇವುಗಳಲ್ಲಿ 'ಕತೆಯಾದಳು ಹುಡುಗಿ'ಗೆ 1983ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕಾದಂಬರಿಗಳು 'ಮೂರು ದಾರಿಗಳು' (1964), 'ಶಿಕಾರಿ' (1979), 'ಛೇದ' (1985), 'ಪುರುಷೋತ್ತಮ' (1990), 'ಕೇಂದ್ರ ವೃತ್ತಾಂತ' (1996). 'ಮೂರು ದಾರಿಗಳು' ಕಾದಂಬರಿಯನ್ನು ಗಿರೀಶ ಕಾಸರವಳ್ಳಿಯವರು 1981ರಲ್ಲಿ ಸಿನಿಮಾ ಮಾಡಿದರು.

ಈ ಬರವಣಿಗೆಯಲ್ಲಿ ಎರಡು ಊರುಗಳಿವೆ. ಒಂದು ಹನೇಹಳ್ಳಿ, ಇನ್ನೊಂದು ಮುಂಬಯಿ. ಹಳ್ಳಿಯ ಕತೆಗಳಲ್ಲಿ ಎಲ್ಲರೂ ಎಲ್ಲರಿಗೂ ಗೊತ್ತು. ಯಾರ ಮನೆಯಲ್ಲಿ ಏನಾಯಿತು ಎನ್ನುವುದು ಸಂಜೆಯೊಳಗೆ ಊರಿಗೆಲ್ಲ ಗೊತ್ತು. ಮುಂಬಯಿಯ ಕತೆಗಳಲ್ಲಿ ಪಕ್ಕದ ಬಾಗಿಲಿನವನೂ ಗುರುತಿಲ್ಲದವನು. ನನಗೆ ತೋಚಿದ ಮಟ್ಟಿಗೆ, ಹಳ್ಳಿಯ ಮನಸ್ಸು ಹೊತ್ತುಕೊಂಡು ಮುಂಬಯಿಯ ಆಫೀಸಿನಲ್ಲಿ ಕೂತವನ ಪಾಡು ಏನು ಎನ್ನುವುದೇ ಚಿತ್ತಾಲರ ಮುಖ್ಯ ಪ್ರಶ್ನೆ. ಮುಂಬಯಿಯ ಕನ್ನಡ ಕಾದಂಬರಿ ಎಂದೊಡನೆ ವ್ಯಾಸರಾಯ ಬಲ್ಲಾಳರ ಹೆಸರೂ ಬರುತ್ತದೆ. ಅವರ 'ಬಂಡಾಯ'ಕ್ಕೆ 1986ರ ಅಕಾಡೆಮಿ ಪ್ರಶಸ್ತಿ ಬಂದಿದೆ. ಅದರ ಬಗ್ಗೆ ಬೇರೆ ಯಾರಾದರೂ ಬರೆಯಲಿ ಎಂದು ಬಿಡುತ್ತೇನೆ.

'ಶಿಕಾರಿ'ಯ ಕತೆ

ಕಥಾನಾಯಕನ ಹೆಸರು ನಾಗಪ್ಪ. ಉತ್ತರ ಕನ್ನಡದಿಂದ ಬಂದವನು. ಓದಿ, ದುಡಿದು, ಒಂದು ದೊಡ್ಡ ಕಂಪನಿಯಲ್ಲಿ ದೊಡ್ಡ ಅಧಿಕಾರಿಯಾಗಿದ್ದಾನೆ. ಮದುವೆಯಾಗಿಲ್ಲ. ಒಂದು ದಿನ ಏಕಾಏಕಿ ಅವನನ್ನು ಕೆಲಸದಿಂದ ಸಸ್ಪೆಂಡ್ ಮಾಡುತ್ತಾರೆ. ತನ್ನ ಮೇಲಿನ ಆರೋಪ ಏನು ಎಂಬುದೇ ಅವನಿಗೆ ಸ್ಪಷ್ಟವಾಗಿ ತಿಳಿಯುವುದಿಲ್ಲ. ಇದರ ಹಿಂದೆ ಯಾರಿದ್ದಾರೆ? ಮೇಲಧಿಕಾರಿ ಫಿರೋಜನೆ? ಊರಿನ ಕಡೆಯ ಹಳೆಯ ಪರಿಚಯದ ಶ್ರೀನಿವಾಸನೆ? ಅಥವಾ ಇಬ್ಬರೂ ಸೇರಿಯೆ? ನಾಗಪ್ಪ ಯೋಚಿಸುತ್ತಾನೆ. ಯೋಚಿಸಿದಷ್ಟೂ ಎಲ್ಲರ ಮುಖದಲ್ಲೂ ಬೇಟೆಗಾರ ಕಾಣುತ್ತಾನೆ. ಫೋನು ಬಂದರೆ ಅನುಮಾನ, ಬಾರದಿದ್ದರೆ ಇನ್ನೂ ಅನುಮಾನ. ಮುಂಬಯಿಯ ಹಳೆಯ ದಿನಗಳು, ಊರಿನ ಬಾಲ್ಯ, ಮನೆಯಲ್ಲಾದ ಸಾವು ನೋವು ಎಲ್ಲ ಒಂದರ ಮೇಲೊಂದು ನೆನಪಿಗೆ ಬರುತ್ತವೆ.

ನಮ್ಮ ತರಗತಿಯ ಗೆಳೆಯರು ಫುಟ್‌ಪಾತಿನಲ್ಲಿ ಸಿಗುವ ಸಿಡ್ನಿ ಶೆಲ್ಡನ್ನನ ಹಳೆಯ ಪುಸ್ತಕಗಳನ್ನು ಓದುತ್ತಾರೆ. ನಾನೂ ಒಂದೆರಡು ಓದಿದ್ದೇನೆ. ಪುಟ ತಿರುವಿದಂತೆ 'ಮುಂದೇನು, ಮುಂದೇನು' ಎನ್ನಿಸುವ ಶಕ್ತಿ ಆ ಅಮೇರಿಕನ್ ಲೇಖಕನಿಗಿದೆ, ಸುಳ್ಳು ಹೇಳಬಾರದು. 'ಶಿಕಾರಿ'ಯಲ್ಲೂ ಆ ಕುತೂಹಲ ಇದೆ. ಆದರೆ ಅಂಥ ಪುಸ್ತಕಗಳಲ್ಲಿ ಕೊನೆಯ ಪುಟಗಳಲ್ಲಿ ಅಪರಾಧಿ ಸಿಕ್ಕಿಬೀಳುತ್ತಾನೆ, ನಾವು ಪುಸ್ತಕ ಮುಚ್ಚಿ ಹಾಯಾಗಿ ಮಲಗುತ್ತೇವೆ. 'ಶಿಕಾರಿ' ಮುಚ್ಚಿದ ಮೇಲೆ ನನಗೆ ನಿದ್ದೆ ಬರಲಿಲ್ಲ. ಬೇಟೆಗಾರ ಯಾರು ಎಂಬ ಪ್ರಶ್ನೆ ಓದುವವನ ಕಡೆಗೇ ತಿರುಗಿಬಿಡುತ್ತದೆ.

ಕಾಫ್ಕಾನ 'ದಿ ಟ್ರಯಲ್' ಕಾದಂಬರಿಯನ್ನು ಇದರ ಜೊತೆಗೆ ನೆನೆಯಬಹುದು. ಅದು ಅವನು ಸತ್ತ ಮರುವರ್ಷ, 1925ರಲ್ಲಿ ಪ್ರಕಟವಾಯಿತು. ಅಲ್ಲಿನ ನಾಯಕ ಬ್ಯಾಂಕಿನ ಅಧಿಕಾರಿ. ಒಂದು ಬೆಳಿಗ್ಗೆ ಅವನನ್ನು ಬಂಧಿಸುತ್ತಾರೆ, ಯಾಕೆ ಎಂದು ಹೇಳುವುದಿಲ್ಲ. ಕಾಫ್ಕಾ ಪ್ರಾಗ್ ನಗರದಲ್ಲಿ ಕಾರ್ಮಿಕರ ಅಪಘಾತ ವಿಮೆಯ ಕಚೇರಿಯಲ್ಲಿ ದುಡಿಯುತ್ತಿದ್ದ. ಅವನಿಗೂ ಆಫೀಸಿನ ಕಡತ, ಟಿಪ್ಪಣಿ, ಪತ್ರ ಇವುಗಳ ಬಲ ಗೊತ್ತಿತ್ತು. ಚಿತ್ತಾಲರಿಗೂ ಗೊತ್ತಿತ್ತು. ವ್ಯತ್ಯಾಸ ಇಷ್ಟೆ: ಕಾಫ್ಕಾನ ನಾಯಕನಿಗೆ ಹಿಂದಿನ ಊರು, ಬಾಲ್ಯ ಅಷ್ಟಾಗಿ ಇಲ್ಲ. ನಾಗಪ್ಪನಿಗೆ ಇದೆ. ಅವನು ಹೆದರುವುದೂ ಆ ನೆನಪುಗಳಿಂದ, ಕೊನೆಗೆ ಧೈರ್ಯ ಹುಡುಕುವುದೂ ಅವುಗಳಲ್ಲೇ.

ಸಸ್ಪೆನ್ಷನ್ ಎಂದರೇನು?

ಇಲ್ಲಿ ನಾನು ಓದುವ ವಿಷಯ ಸ್ವಲ್ಪ ಉಪಯೋಗಕ್ಕೆ ಬರುತ್ತದೆ. ಸಸ್ಪೆನ್ಷನ್ ಎಂದರೆ ಕೆಲಸದಿಂದ ತೆಗೆದುಹಾಕುವುದಲ್ಲ. ವಿಚಾರಣೆ ಮುಗಿಯುವ ತನಕ 'ಕೆಲಸಕ್ಕೆ ಬರಬೇಡ' ಎನ್ನುವುದು. ಕ್ರಮದ ಪ್ರಕಾರ ಆರೋಪಪಟ್ಟಿ ಕೊಡಬೇಕು, ಉತ್ತರಕ್ಕೆ ಅವಕಾಶ ಕೊಡಬೇಕು, ಸಾಕ್ಷಿಗಳನ್ನು ಪ್ರಶ್ನಿಸಲು ಬಿಡಬೇಕು. ಇದಕ್ಕೆ ಸಹಜ ನ್ಯಾಯ ಎನ್ನುತ್ತಾರೆ. ಅದರ ಸೂತ್ರ ಎರಡೇ. ಇನ್ನೊಬ್ಬನ ಮಾತನ್ನೂ ಕೇಳಬೇಕು. ತನ್ನದೇ ವ್ಯಾಜ್ಯಕ್ಕೆ ತಾನೇ ನ್ಯಾಯಾಧೀಶನಾಗಬಾರದು. ಕಾರ್ಖಾನೆಯ ಕಾರ್ಮಿಕರ ಮಟ್ಟಿಗೆ, 1946ರ ಸ್ಟ್ಯಾಂಡಿಂಗ್ ಆರ್ಡರ್ಸ್ ಕಾಯಿದೆಗೆ 1982ರಲ್ಲಿ ತಿದ್ದುಪಡಿ ತಂದು, ಸಸ್ಪೆನ್ಷನ್ನಿನ ಮೊದಲ 90 ದಿನ ಅರ್ಧ ಸಂಬಳ, ಕಾರ್ಮಿಕನ ತಪ್ಪಿಲ್ಲದೆ ವಿಚಾರಣೆ ಅದಕ್ಕಿಂತ ಎಳೆದರೆ ಮುಕ್ಕಾಲು ಸಂಬಳ ಎಂದು ಸೇರಿಸಿದರು.

'ಶಿಕಾರಿ' ಬಂದದ್ದು 1979ರಲ್ಲಿ, ಈ ತಿದ್ದುಪಡಿಗೆ ಮೊದಲೇ. ಬಂದ ಮೇಲಾದರೂ ನಾಗಪ್ಪನಿಗೆ ಅದರಿಂದ ಪ್ರಯೋಜನವಿರಲಿಲ್ಲ. ಅವನು ಕಾರ್ಮಿಕನಲ್ಲ, ಅಧಿಕಾರಿ. ಅವನ ಪರ ಗೇಟಿನ ಮುಂದೆ ಕೂಗಲು ಯೂನಿಯನ್ ಇಲ್ಲ. ಕೋಟು ಟೈ ಹಾಕಿದವನ ಕೆಲಸಕ್ಕೆ ಸಂಚಕಾರ ಬಂದರೆ ಅವನು ಒಬ್ಬನೇ. ಈ ಒಂಟಿತನವೇ ಕಾದಂಬರಿಯ ಬೀಜ ಎಂದು ನನ್ನ ಅನಿಸಿಕೆ.

ಪರೇಲಿನವರಿಗೆ ಇದು ಬೇಗ ಅರ್ಥವಾಗುತ್ತದೆ. ನಮ್ಮ ಅಜ್ಜ ಕೆಲಸ ಕಳೆದುಕೊಂಡದ್ದು 1982ರ ಜನವರಿ 18ರಂದು ಸುರುವಾದ ಮಿಲ್ಲು ಮುಷ್ಕರದಲ್ಲಿ. ದತ್ತಾ ಸಾಮಂತರ ಮುಂದಾಳ್ತನದಲ್ಲಿ ಸುಮಾರು ಎರಡೂವರೆ ಲಕ್ಷ ಜನ ಹೊರಗೆ ಬಂದರು. ಬಹಳ ಜನ ಮತ್ತೆ ಒಳಗೆ ಹೋಗಲೇ ಇಲ್ಲ. ನಮ್ಮ ಚಾಳಿನಲ್ಲಿ ಆಗ ಒಂದು ಮನೆಯಲ್ಲೂ ಸಂಬಳ ಇರಲಿಲ್ಲವಂತೆ. ಉಪವಾಸ ಇತ್ತು, ಆದರೆ ನಾಚಿಕೆ ಇರಲಿಲ್ಲ. "ಎಲ್ಲರದ್ದೂ ಹೋಗಿತ್ತಲ್ಲ, ಯಾರು ಯಾರನ್ನ ನೋಡಿ ನಗೂದು?" ಎಂದು ಅಜ್ಜ ಹೇಳುತ್ತಿದ್ದರು. ಈಗ ಆ ಮಿಲ್ಲುಗಳ ಜಾಗದಲ್ಲಿ ಎತ್ತರದ ಕಟ್ಟಡ, ಮಾಲು, ಆಫೀಸು ಬಂದಿವೆ. ಆ ಆಫೀಸುಗಳಲ್ಲಿ ಕೆಲಸ ಹೋದರೆ ಒಬ್ಬೊಬ್ಬರದೇ ಹೋಗುತ್ತದೆ. ಚಾಳಿಗೆ ಗೊತ್ತೂ ಆಗುವುದಿಲ್ಲ.

ನಮ್ಮ ಮನೆಯ ಸಂಗತಿ

ಇದನ್ನು ಬರೆಯಲೋ ಬೇಡವೋ ಎಂದು ಬಹಳ ಯೋಚಿಸಿದೆ. ಅಪ್ಪನನ್ನೇ ಕೇಳಿದೆ. "ಬರಿ, ಅದರಲ್ಲಿ ಎಂತದಿದ್ದು" ಎಂದರು. ಆದುದರಿಂದ ಬರೆಯುತ್ತೇನೆ.

ಅಪ್ಪ ಒಂದು ಕಂಪನಿಯ ಗೋಡೌನಿನಲ್ಲಿ ಸ್ಟೋರ್‌ಕೀಪರ್. ಎರಡು ವರ್ಷದ ಹಿಂದೆ ಸ್ಟಾಕಿನಲ್ಲಿ ಕಡಿಮೆ ಬಂತು ಎಂದು ಅವರನ್ನು ಸಸ್ಪೆಂಡ್ ಮಾಡಿದರು. ಅಪ್ಪ ಅದನ್ನು ಮನೆಯಲ್ಲಿ ಹೇಳಲಿಲ್ಲ. ದಿನಾಲೂ ಡಬ್ಬಿ ಹಿಡಿದು ಎಂಟು ಗಂಟೆಗೆ ಹೊರಡುತ್ತಿದ್ದರು, ಸಂಜೆ ಬರುತ್ತಿದ್ದರು. ಹದಿನೆಂಟು ದಿನ ಹೀಗೇ ನಡೆಯಿತು. ಒಂದು ಮಧ್ಯಾಹ್ನ ನಾನು ಗೆಳೆಯನ ತಾಯಿಗೆ ರಕ್ತ ಕೊಡಲು ಕೆ.ಇ.ಎಂ. ಆಸ್ಪತ್ರೆಗೆ ಹೋಗಿದ್ದೆ. ಹೊರಗೆ ರೋಗಿಗಳ ಕಡೆಯವರು ಕೂತುಕೊಳ್ಳುವ ಕಟ್ಟೆಯ ಮೇಲೆ ಅಪ್ಪ ಕೂತು ಡಬ್ಬಿ ಬಿಚ್ಚಿ ಊಟ ಮಾಡುತ್ತಿದ್ದರು. ಅಲ್ಲಿ ಕೂತವರನ್ನು ಯಾಕೆ ಕೂತಿದ್ದೀರಿ ಎಂದು ಯಾರೂ ಕೇಳುವುದಿಲ್ಲ. ನಾನು ಕಂಡೆ, ಮಾತಾಡಿಸಲಿಲ್ಲ. ಹಿಂದಿನ ಗೇಟಿನಿಂದ ಹೊರಟುಹೋದೆ.

ಆಮೇಲೆ ಕಾಗದ ಮನೆಗೇ ಬಂತು, ಆಯಿಗೂ ಗೊತ್ತಾಯಿತು. ಆಯಿ ಒಂದೇ ಮಾತು ಹೇಳಿದಳು: "ಅವರು ಹಂಗೆ ಮಾಡೂ ಮನಷಾ ಅಲ್ಲ." ನಾನು ಏನೂ ಹೇಳಲಿಲ್ಲ. ಹೇಳದೆ ಇದ್ದದ್ದೇ ನನ್ನ ತಪ್ಪು. ಯಾಕೆಂದರೆ ನಾನು ಮನಸ್ಸಿನಲ್ಲಿ ಲೆಕ್ಕ ಹಾಕುತ್ತಿದ್ದೆ. ನನ್ನ ಕಾಲೇಜಿನ ಫೀ ಆ ವರ್ಷ ಅಪ್ಪ ಒಮ್ಮೆಲೇ ಕಟ್ಟಿದ್ದರು. ಆ ಹಣ ಎಲ್ಲಿಂದ ಬಂತು? ಬಾಕಿ ಎಷ್ಟು, ಬಂದದ್ದೆಷ್ಟು, ಹೊಂದುತ್ತದೋ ಇಲ್ಲವೋ? ಅಕೌಂಟ್ಸ್ ಕಲಿತವನ ಬುದ್ಧಿ ಅಪ್ಪನ ಮೇಲೇ ಓಡಿತು.

ಅದೇ ವಾರ ಲೈಬ್ರರಿಯಿಂದ ತಂದಿದ್ದ 'ಶಿಕಾರಿ'ಯನ್ನು ಓದಲು ಸುರುಮಾಡಿದೆ. ಹೆಸರು ನೋಡಿ ಕಾಡಿನ ಕತೆ ಎಂದುಕೊಂಡಿದ್ದೆ. ಓದುತ್ತಾ ಹೋದಂತೆ ನಾಗಪ್ಪನ ಜಾಗದಲ್ಲಿ ಅಪ್ಪನೇ ಕಾಣತೊಡಗಿದರು. ಸುತ್ತಲಿನವರು ನಾಗಪ್ಪನ ಹತ್ತಿರ ಸಹಾನುಭೂತಿಯ ಮಾತಾಡುತ್ತಾರೆ. ಅದರೊಳಗೆ 'ಏನಾದರೂ ಇದ್ದಿರಬೇಕು' ಎಂಬ ಎಳೆಯೂ ಇರುತ್ತದೆ. ನಾನು ಅವರ ಸಾಲಿನಲ್ಲಿ ನಿಂತಿದ್ದೇನೆ ಎಂದು ಆಗ ತಿಳಿಯಿತು. ಅಪ್ಪನ ಕಂಪನಿಯವರು ಆರೋಪ ಮಾಡಿದ್ದರು. ಅದು ಅವರ ಕೆಲಸವಾಗಿರಬಹುದು. ನಾನು ಮಾತ್ರ ಆರೋಪಪಟ್ಟಿ ಕೊಡದೆ, ಉತ್ತರ ಕೇಳದೆ ತೀರ್ಪು ಬರೆಯುತ್ತಿದ್ದೆ. ಸಹಜ ನ್ಯಾಯದ ಎರಡು ಸೂತ್ರಗಳನ್ನು ನಾನು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದೆ. ಮನೆಯಲ್ಲಿ ಎರಡನ್ನೂ ಮುರಿದಿದ್ದೆ.

ಆ ರಾತ್ರಿ ಅಪ್ಪನನ್ನು ಕೇಳಿದೆ. ಅವರು ಸಿಟ್ಟು ಮಾಡಲಿಲ್ಲ. "ಫೀ ಕಟ್ಟಿದ್ದು ನಿನ್ನ ಆಯಿಯ ಬಳೆ ಇಟ್ಟು, ತಮಾ. ನಿನಗೆ ಬೇಜಾರಾಗ್ತದೆ ಅಂತ ಹೇಳ್ಲಿಲ್ಲ" ಎಂದರು. ಆಮೇಲೆ "ಎಂತ ಓದ್ತಾ ಇದ್ದೆ ಅಷ್ಟು ದಪ್ಪದ್ದು?" ಎಂದು ಕೇಳಿದರು. ಹನೇಹಳ್ಳಿಯವರು ಬರೆದದ್ದು ಎಂದೆ. "ನಮ್ಮ ಬದಿಯವರಾ?" ಎಂದು ಪುಸ್ತಕ ಇಸಗೊಂಡರು. ಅಪ್ಪ ಏಳನೆಯವರೆಗೆ ಕನ್ನಡ ಓದಿದವರು. ಆ ಪುಸ್ತಕ ಅವರಿಗೆ ಸುಲಭವಾಗಿರಲಿಲ್ಲ. ಅರ್ಧ ಓದಿ ಒಂದು ತಿಂಗಳ ಮೇಲೆ ವಾಪಸು ಕೊಟ್ಟರು. "ಇವ ಯಾರ ಹತ್ರಾನೂ ಬಾಯಿ ಬಿಟ್ಟು ಹೇಳೂದೇ ಇಲ್ಲ ಅಲ್ದಾ? ಎಲ್ಲ ತಲೆ ಒಳಗೇ" ಎಂದು ಅಷ್ಟೇ ವಿಮರ್ಶೆ ಮಾಡಿದರು. ಕೆ.ಇ.ಎಂ. ಕಟ್ಟೆಯ ವಿಷಯವನ್ನು ನಾನು ಎತ್ತಲಿಲ್ಲ. ಅವರೇ ಒಂದು ದಿನ ಹೇಳಿದರು.

ಐದು ತಿಂಗಳ ಮೇಲೆ ವಿಚಾರಣೆ ಮುಗಿಯಿತು. ಮಾಲು ಕಳುವಾಗಿರಲಿಲ್ಲ. ಒಂದು ಶಾಖೆಗೆ ಕಳಿಸಿದ ಸರಕಿನ ಚೀಟಿ ಬೇರೆ ಶಾಖೆಯ ಕಡತದಲ್ಲಿ ಸೇರಿತ್ತು. ಅಪ್ಪ ಮತ್ತೆ ಕೆಲಸಕ್ಕೆ ಹೋದರು. ಯಾರೂ ಕ್ಷಮೆ ಕೇಳಲಿಲ್ಲ. ಈಗಲೂ ಅವರು ಊಟಕ್ಕೆ ಕ್ಯಾಂಟೀನಿಗೆ ಹೋಗುವುದಿಲ್ಲ, ಗೋಡೌನಿನಲ್ಲೇ ಡಬ್ಬಿ ಬಿಚ್ಚುತ್ತಾರೆ. ಚೀಟಿ ಸಿಕ್ಕಿತು, ಲೆಕ್ಕ ಹೊಂದಿತು. ಆದರೆ ಅನುಮಾನಕ್ಕೆ ರದ್ದು ಮಾಡುವ ಎಂಟ್ರಿ ಯಾವ ಪುಸ್ತಕದಲ್ಲೂ ಇಲ್ಲ.

ಓದುವವರಿಗೆ ಎರಡು ಮಾತು

'ಶಿಕಾರಿ' ಸುಲಭದ ಪುಸ್ತಕವಲ್ಲ. ಘಟನೆಗಳು ಕಡಿಮೆ, ಯೋಚನೆಗಳು ಹೆಚ್ಚು. ಒಂದು ಫೋನಿನ ಮಾತಿನ ನಡುವೆ ಇಪ್ಪತ್ತು ವರ್ಷದ ಹಿಂದಿನ ನೆನಪು ಬಂದುಬಿಡುತ್ತದೆ. ಮೊದಲ ಸಲ ಓದುವವರು ಯಾವುದು ಈಗ ನಡೆಯುವುದು, ಯಾವುದು ನೆನಪು ಎಂದು ಪೆನ್ಸಿಲಿನಲ್ಲಿ ಬೇರೆ ಕಾಗದದ ಮೇಲೆ ಗುರುತು ಮಾಡಿಕೊಂಡರೆ ಅನುಕೂಲ. (ಲೈಬ್ರರಿಯ ಪುಸ್ತಕದ ಮೇಲೆ ಗೀಚಬೇಡಿ!) ಹೆಸರುಗಳ ಒಂದು ಪಟ್ಟಿಯನ್ನೂ ಮಾಡಿಕೊಳ್ಳಿ. ಪ್ರತಿಯೊಬ್ಬನ ಮುಂದೆ 'ನಾಗಪ್ಪ ಇವನ ಬಗ್ಗೆ ಏನು ಊಹಿಸುತ್ತಾನೆ' ಮತ್ತು 'ನಿಜವಾಗಿ ಏನು ಗೊತ್ತಿದೆ' ಎಂದು ಎರಡು ಕಾಲಂ ಹಾಕಿ. ಮೊದಲ ಕಾಲಂ ತುಂಬಿ ಹೋಗುತ್ತದೆ, ಎರಡನೆಯದು ಖಾಲಿ ಖಾಲಿ ಇರುತ್ತದೆ. ಕಾದಂಬರಿ ಹೇಳುವ ಮುಖ್ಯ ಮಾತು ಈ ಎರಡು ಕಾಲಂಗಳ ನಡುವೆ ಇದೆ.

ಚಿತ್ತಾಲರು ನೌಕರಿ ಮಾಡಿದವರು, ಆದ್ದರಿಂದ ಇದು ಅವರ ಸ್ವಂತ ಕತೆ ಎಂದು ಕೆಲವರು ಓದುವುದುಂಟು. ಹಾಗೆ ಓದುವುದು ಬೇಡ. ಕಾದಂಬರಿಯ ಕಂಪನಿ ಕಲ್ಪನೆಯದು. ಆಫೀಸಿನ ಮಾತು, ನಡೆ, ಹುದ್ದೆಗಳ ಏಣಿ ಇವೆಲ್ಲ ಅವರಿಗೆ ಒಳಗಿನಿಂದ ಗೊತ್ತಿದ್ದುದರಿಂದ ಆ ಕಲ್ಪನೆ ನಿಜದಂತೆ ಕಾಣುತ್ತದೆ. ಕನ್ನಡದಲ್ಲಿ ಹೊಲ, ಮಠ, ಅಗ್ರಹಾರಗಳ ಕಾದಂಬರಿಗಳು ಬೇಕಾದಷ್ಟಿವೆ. ಕಂಪನಿಯ ಬೋರ್ಡ್‌ರೂಮಿನ ಭಯವನ್ನು ಕನ್ನಡದಲ್ಲಿ ಹೇಳಬಹುದು ಎಂದು ತೋರಿಸಿದ ಮೊದಲಿಗರಲ್ಲಿ ಅವರು ಮುಖ್ಯರು.

ನಮ್ಮಲ್ಲಿ ಬಹಳ ಮಂದಿ ನಾಳೆ ಆ ಆಫೀಸುಗಳಿಗೇ ಹೋಗುವವರು. ಕೆಲವರು ಆಡಿಟರ್ ಆಗಬಹುದು. ಇನ್ನೊಬ್ಬರ ಪುಸ್ತಕದಲ್ಲಿ ತಪ್ಪು ಹುಡುಕುವುದೇ ಆಗ ನಮ್ಮ ಕೆಲಸ. ಅದು ಬೇಕಾದ ಕೆಲಸವೇ. ಆದರೆ ಸ್ಟಾಕು ಕಡಿಮೆ ಬಂದ ದಿನ, ಎದುರಿಗೆ ಕೂತ ಸ್ಟೋರ್‌ಕೀಪರನ ಮಾತನ್ನು ಮೊದಲು ಕೇಳಿಕೊಂಡು ಆಮೇಲೆ ಪೆನ್ನು ತೆಗೆಯುವಷ್ಟು ತಾಳ್ಮೆ ಈ ಪುಸ್ತಕದಿಂದ ನನಗೆ ಬಂದರೆ ಸಾಕು. ಪುಸ್ತಕ ನಮ್ಮ ಲೈಬ್ರರಿಯಲ್ಲಿದೆ. ನಾನು ವಾಪಸು ಕೊಟ್ಟಿದ್ದೇನೆ.